ಬರುವ ಶ್ರಮ ಬೇಡ

“ಗುರುಗಳೇ, ಹೈಸ್ಕೂಲಿನಲ್ಲಿ ನಮಗೆ ದೊಡ್ಡ ದೊಡ್ಡ ಕಾದಂಬರಿಗಳನ್ನು ಓದಿಸಿದರು. ಈಗ ಹಿಂತಿರುಗಿ ನೋಡಿದರೆ ಅಂಕ ಬಂದದ್ದು ನೆನಪಿದೆ, ಕತೆ ನೆನಪಿಲ್ಲ. ಆ ಓದೆಲ್ಲ ದಂಡವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಸ್ವಲ್ಪ ಮುಂಗೋಪಿ. ದಂಡ ಎಂದುಬಿಟ್ಟರೆ ನಿನ್ನ ಗಂಟೇನು ಹೋಗುತ್ತದೆ ಎಂದು ಗದರಿ, ಈ ಕತೆ ಹೇಳಿದರು.

ಒಬ್ಬ ದರ್ಜಿ ಇದ್ದ. ಅವನಿಗೆ ಒಬ್ಬಳೇ ತಂಗಿ. ಅವನು ಹತ್ತನೇ ತರಗತಿಯಲ್ಲಿದ್ದಾಗ ಒಂದು ಹಳೆಯ ಕಾದಂಬರಿ ಪಠ್ಯವಾಗಿತ್ತು. ಅದರಲ್ಲಿ ಗಂಡನ ಮನೆಯಲ್ಲಿ ನರಳುವ ಹೆಣ್ಣೊಬ್ಬಳು ಅಣ್ಣನಿಗೆ ಕಾಗದ ಬರೆಯುತ್ತಾಳೆ: ‘ನಾನಿಲ್ಲಿ ಸುಖವಾಗಿದ್ದೇನೆ. ನೀನು ಬರುವ ಶ್ರಮ ತೆಗೆದುಕೊಳ್ಳಬೇಡ.’ ಕಾಗದವನ್ನು ಅತ್ತೆ ಓದಿಸಿ ಕೇಳಿಯೇ ಕಳಿಸುವುದು. ಅದಕ್ಕೇ ಹಾಗೆ ಬರೆಯುತ್ತಾಳೆ. ಈ ಮಾತನ್ನು ಯಾರು ಯಾರಿಗೆ ಹೇಳಿದರು, ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ ಎಂಬ ಪ್ರಶ್ನೆ ಪರೀಕ್ಷೆಗೆ ಬಂತು. ಅವನು ಉರುಹೊಡೆದದ್ದನ್ನು ಬರೆದ. ಮೂರಕ್ಕೆ ಮೂರು ಅಂಕ ಗಿಟ್ಟಿಸಿದ.

ಕಾಲ ಸರಿಯಿತು. ತಂಗಿಯನ್ನು ದೂರದ ಊರಿಗೆ ಕೊಟ್ಟರು. ಅವಳು ತವರಿಗೆ ಬಂದಾಗಲೆಲ್ಲ ರವಿಕೆಯ ಅಳತೆ ಒಂದಿಷ್ಟು ಇಳಿದಿರುತ್ತಿತ್ತು. ಟೇಪು ಹಿಡಿದವನು ಅವನೇ, ಕಾಣಲಿಲ್ಲ ಎಂದಲ್ಲ. ಹೊಸ ಸಂಸಾರ, ಹೊಂದಿಕೊಳ್ಳುತ್ತಾಳೆ ಬಿಡು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಒಂದು ಸಲ ಗೌರಿ ಹಬ್ಬ ಹತ್ತಿರ ಬಂದಿತ್ತು. ಹೋಗಿ ತಂಗಿಯನ್ನು ಕರೆತರಬೇಕು. ಅಂಗಡಿಯಲ್ಲಿ ನೋಡಿದರೆ ಹೊಲಿಗೆ ರಾಶಿ ಬಿದ್ದಿದೆ. ಹೇಗಪ್ಪಾ ಎಂದು ಒದ್ದಾಡುತ್ತಿದ್ದಾಗ ಅವಳದೇ ಫೋನು ಬಂತು. ಹತ್ತಿರದಲ್ಲೇ ಅತ್ತೆಯ ದನಿಯೂ ಕೇಳುತ್ತಿತ್ತು.

“ಅಣ್ಣಾ, ನಾನಿಲ್ಲಿ ಸುಖವಾಗಿದ್ದೇನೆ. ನೀನು ಬರುವ ಶ್ರಮ ತೆಗೆದುಕೊಳ್ಳಬೇಡ.”

ತಂಗಿ ಯಾವತ್ತೂ ಅವನ ಜೊತೆ ಹೀಗೆ ಪುಸ್ತಕದ ಕನ್ನಡ ಆಡಿದವಳಲ್ಲ. ಎಲ್ಲಿಯ ಮಾತು ಎಂದು ದರ್ಜಿಗೆ ತಟ್ಟನೆ ಹೊಳೆಯಿತು. ಹೊಳೆದದ್ದಕ್ಕೆ ಹೆಮ್ಮೆಯಾಯಿತು, ನಗುವೂ ಬಂತು.

“ತಂಗಿ ಅಣ್ಣನಿಗೆ ಹೇಳಿದ್ದು, ಮೂರು ಅಂಕ. ಸರಿ ಕಣೆ, ಹಬ್ಬ ಕಳೀಲಿ, ಆಮೇಲೆ ಬರ್ತೀನಿ.”

ಅವಳು ಫೋನು ಇಟ್ಟಳು. ನಿಜ ಹೇಳಬೇಕೆಂದರೆ ದರ್ಜಿಗೆ ನಿರಾಳವಾಯಿತು. ಮತ್ತೆ ಕತ್ತರಿ ಹಿಡಿದ.

ಹಬ್ಬಕ್ಕೆ ಎರಡು ದಿನ ಇರುವಾಗ ಸುದ್ದಿ ಬಂತು. ಅವನು ಬಿದ್ದು ಎದ್ದು ಓಡಿದ. ಹೋಗುವಷ್ಟರಲ್ಲಿ ಅವಳನ್ನು ಹೊರಗೆ ಮಲಗಿಸಿದ್ದರು. ಜ್ವರ ಬಂದಿತ್ತು ಎಂದರು ಆ ಮನೆಯವರು. ತೋಳಿನ ಮೇಲಿನ ಬಾಸುಂಡೆಗಳನ್ನು ಅವನು ಕಣ್ಣಾರೆ ಕಂಡ. ಕೂಗಾಡಿದ, ಎದೆ ಎದೆ ಬಡಿದುಕೊಂಡು ಅತ್ತ. ಏನು ಮಾಡಿ ಏನು? ತಂಗಿ ಹೋಗಿಬಿಟ್ಟಿದ್ದಳು.

ಅವಳ ಪೆಟ್ಟಿಗೆಯನ್ನು ಅವನ ಕೈಗೇ ಕೊಟ್ಟು ಕಳಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಕೂತು ಅದನ್ನು ತೆರೆದ. ಸೀರೆಗಳ ಅಡಿಯಲ್ಲಿ ಆ ಕಾದಂಬರಿ ಇತ್ತು. ಅಣ್ಣ ಓದಿ ಬಿಟ್ಟ ಪ್ರತಿಯನ್ನೇ ತಂಗಿಯೂ ಓದಿ ಪಾಸಾಗಿದ್ದಳು. ಆ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಅವನದೇ ಕಾಗೆಕಾಲು ಗುಬ್ಬಿಕಾಲು ಅಕ್ಷರ: ‘ಸ್ವಾರಸ್ಯ: ಕೂಡಲೇ ಬಂದು ನನ್ನನ್ನು ಕರೆದುಕೊಂಡು ಹೋಗು ಎಂದು ಅರ್ಥ.’ ಅವನು ಹತ್ತಬೇಕಾದ ಬಸ್ಸು ಬಂದು ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ವಾದ ಬಿಡಲಿಲ್ಲ. ಹಾಗಾದರೆ ದರ್ಜಿಯ ಓದು ದಂಡವೇ ಆಯಿತಲ್ಲ, ನಾನು ಹೇಳಿದ್ದೂ ಅದನ್ನೇ ಅಲ್ಲವೇ ಎಂದ.

ಗುರುಗಳು ಅವನ ಮುಖ ನೋಡದೆ ಹೇಳಿದರು:

“ಅಣ್ಣ ಓದಿದ್ದಾನೆ ಎಂದು ಅವಳು ನಂಬಿದ್ದಳಪ್ಪಾ.”