ತಿಳಿದಷ್ಟು ಕೊಡ್ರಿ

ಈಗ ಮಲಪ್ರಭೆಯ ಮೇಲೆ ಸೇತುವೆ ಇದೆ. ಬಸ್ಸು ಈ ದಂಡೆಯಿಂದ ಆ ದಂಡೆಗೆ ಹೋಗಲು ಎಲೆಗೆ ಸುಣ್ಣ ಸವರುವಷ್ಟು ಹೊತ್ತೂ ಬೇಡ.

ಆಗ ಹಾಗಿರಲಿಲ್ಲ. ಹರಿಗೋಲಿಗೆ ಕಾಯಬೇಕು. ಅಂಬಿಗ ಆಚೆ ದಂಡೆಯಲ್ಲಿ ಬುತ್ತಿ ಬಿಚ್ಚಿದ್ದರೆ ಅವನ ಊಟ ಮುಗಿಯುವ ತನಕವೂ ಕಾಯಬೇಕು. ಕಾಯುವವರು ಸುಮ್ಮನೆ ಕೂರುತ್ತಿರಲಿಲ್ಲ. ಊರಿನ ಅರ್ಧ ಸುದ್ದಿ ಹುಟ್ಟುತ್ತಿದ್ದುದು ಆ ದಂಡೆಯ ಮೇಲೆಯೇ.

ಆಚೆ ದಂಡೆಯಲ್ಲಿ ನಾಲ್ಕು ಬೇವಿನ ಮರ. ಅವುಗಳ ಕೆಳಗೆ ನಿಂಬವ್ವ ತಾಯಿಯ ಆಶ್ರಮ. ಆಶ್ರಮವೆಂದರೆ ಎರಡು ಮಣ್ಣಿನ ಖೋಲಿ, ಒಂದು ಪಡಸಾಲೆ, ಒಂದು ಬಾವಿ. ಅಷ್ಟೇ.

ತಾಯಿ ದಿನವಿಡೀ ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಸಾಲುಸಾಲಾಗಿ ಕೈಹೊಲಿಗೆ ಹಾಕಿದರೆ ಕೌದಿ. ಬಂದವರು ಕೂತು ತಮ್ಮ ದುಃಖ ಹೇಳಿಕೊಳ್ಳುತ್ತಿದ್ದರು. ತಾಯಿ ಸೂಜಿಯಿಂದ ಕಣ್ಣು ತೆಗೆಯದೆ ಕೇಳುತ್ತಿದ್ದರು. ಹೋಗುವಾಗ ಯಾರಿಗೆ ಚಳಿಯೋ ಅವರ ಹೆಗಲಿಗೆ ಒಂದು ಕೌದಿ ಹಾಕಿ ಕಳಿಸುತ್ತಿದ್ದರು. ಯಾರಿಂದಲೂ ಏನನ್ನೂ ಕೇಳುತ್ತಿರಲಿಲ್ಲ. ಯಾರೋ ಒಂದು ಸೇರು ಜೋಳ ಇಟ್ಟು ಹೋಗುತ್ತಿದ್ದರು, ಇನ್ಯಾರೋ ಬರಿಗೈಯಲ್ಲಿ ಹೋಗುತ್ತಿದ್ದರು.

ಬಸಲಿಂಗವ್ವ ಅಲ್ಲಿಗೆ ಬಂದಾಗ ಅವಳಿಗೆ ಹತ್ತೊಂಬತ್ತು. ಗಂಡ ತೀರಿ ಆರು ತಿಂಗಳಾಗಿತ್ತು. ಮೂರು ವರ್ಷ ತಾಯಿಯ ಪಕ್ಕದಲ್ಲಿ ಕೂತು ಹೊಲಿಯಲು ಕಲಿತಳು.

ಆ ಮೂರು ವರ್ಷಗಳಿಗೆ ಒಂದು ವಾಸನೆ ಇತ್ತು. ಬಿಸಿಲಿಗೆ ಹಾಕಿದ ಹಳೆಯ ಸೀರೆಗಳ ವಾಸನೆ. ತಾಯಿ ಒಂದೊಂದನ್ನೂ ಮೂಗಿಗೆ ಹಿಡಿದು ಹೇಳುತ್ತಿದ್ದರು, “ಈ ಸೀರಿಯಾಕಿ ಒಲಿ ಮುಂದ ಭಾಳ ವರ್ಷ ಕೂತಾಳ. ಇದನ್ನ ಒಳಗ ಹಾಕು, ಬೆಚ್ಚಗ ಇರ್ತೈತಿ.”

ಬಸಲಿಂಗವ್ವನಿಗೆ ಈಗ ಎಪ್ಪತ್ತು ದಾಟಿದೆ. ಬಿಸಿಲಿಗೆ ಹಾಕಿದ ಹತ್ತಿಯ ಬಟ್ಟೆ ಕಂಡರೆ ಇವತ್ತಿಗೂ ಒಂದು ಗಳಿಗೆ ನಿಂತೇ ಮುಂದೆ ಹೋಗುತ್ತಾಳೆ.

ಕಲಿತಾದ ಮೇಲೆ ತಾಯಿ ಅವಳನ್ನು ಇಟ್ಟುಕೊಳ್ಳಲಿಲ್ಲ.

“ಪ್ಯಾಟಿಗೆ ಹೋಗು. ನಿನ್ನಂಥಾ ನಾಕು ಮಂದೀನ ಕೂಡಿಸಿಕೋ. ಹೊಲಿ,” ಎಂದರು.

ಬಸಲಿಂಗವ್ವ ಹೋದಳು. ಅರಿವೆ ಅಂಗಡಿಗಳ ಸಾಲಿನಲ್ಲಿ ಮುಂದೆ ಕಟ್ಟೆಯಿದ್ದ ಒಂದು ಖೋಲಿ ಬಾಡಿಗೆಗೆ ಹಿಡಿದಳು. ಹುಲಿಗೆವ್ವ ಬಂದಳು, ಫಾತಿಮಾ ಬಂದಳು, ಮುದುಕಿ ತಿಪ್ಪವ್ವ ಬಂದಳು. ಮೂವರಿಗೂ ಮನೆಯಲ್ಲಿ ದುಡಿಯುವವರು ಬೇರೆ ಇರಲಿಲ್ಲ.

ಕೌದಿಗಳು ಊರಿನಲ್ಲಿ ಹೆಸರಾದವು. ಬಾಣಂತನಕ್ಕೆ, ಮದುವೆಗೆ, ತೊಟ್ಟಿಲಿಗೆ ಎಲ್ಲರೂ ಅಲ್ಲಿಗೇ ಬರುತ್ತಿದ್ದರು.

ಆರು ವರ್ಷ ಹೀಗೇ ಹೋಯಿತು.

ಒಂದು ಮುಂಜಾನೆ ಬಸಲಿಂಗವ್ವ ಹರಿಗೋಲು ಹತ್ತಿ ಆಶ್ರಮಕ್ಕೆ ಬಂದಳು. ಕಂಕುಳಲ್ಲಿ ಹೊಸ ಕೌದಿ ಇತ್ತು. ಅದನ್ನು ತಾಯಿಯ ಪಾದದ ಬಳಿ ಇಟ್ಟು ನಮಸ್ಕರಿಸಿದಳು. ಎದ್ದಾಗ ಕಣ್ಣಲ್ಲಿ ನೀರು.

“ಏನಾತು?”

“ಹುಲಿಗೆವ್ವ ಬಿಟ್ಟು ಹೋದಳ್ರಿ, ತಾಯಿ. ಮೆಣಸಿನಕಾಯಿ ತೊಟ್ಟು ಬಿಡಿಸೋ ಕೆಲಸಕ್ಕ ಹೊಂಟಾಳ. ಆರು ವರ್ಷ ನನ್ನ ಮಗ್ಗಲಾಗ ಕೂತಾಕಿ. ಒಂದು ಮಾತೂ ಹೇಳಲಿಲ್ಲ.”

“ಯಾಕ ಹೋದಳು?”

“ಅಲ್ಲಿ ಕೂಲಿ ಹೆಚ್ಚಂತ.”

ತಾಯಿ ಕೌದಿಯನ್ನು ಬಿಡಿಸಿ ತೊಡೆಯ ಮೇಲೆ ಹಾಕಿಕೊಂಡರು. ಬೆರಳಿನಿಂದ ಹೊಲಿಗೆಯ ಸಾಲುಗಳನ್ನು ಸವರಿದರು.

“ಗಿರಾಕಿ ಬಂದು ಎಷ್ಟು ಅಂತ ಕೇಳಿದರ ಏನಂತಿ?”

“ನಿಮಗ ತಿಳಿದಷ್ಟು ಕೊಡ್ರಿ ಅಂತೀನ್ರಿ.”

“ಅವರಿಗೆ ಎಷ್ಟು ತಿಳೀತೈತಿ?”

“ಮೂವತ್ತು. ನಲವತ್ತು.” ಅವಳ ದನಿ ಇಳಿಯಿತು. “ಇಪ್ಪತ್ತು ದಿನದ ಹೊಲಿಗಿ ಅದು. ಒಂದೊಂದು ಸಲ ಒಳಗ ಬೆಂಕಿ ಹತ್ತಿದಂಗ ಆಗ್ತೈತಿ. ಅವರು ಆ ಕಡೆ ಹೋಗೂದ ತಡ, ಮಂದಿ ಮ್ಯಾಲ ಹಲ್ಲು ಕಡೀತೀನಿ.”

“ಹಲ್ಲು ಕಡಿಯಾಕ ಬರ್ತೈತಿ, ಬಾಯಿ ತೆಗೀಯಾಕ ಬರೂದಿಲ್ಲೇನು? ಹಂಗ ಹೇಳೂದನ್ನ ಯಾರ ಕಡೆ ಕಲಿತಿ?”

ಬಸಲಿಂಗವ್ವ ತಲೆ ತಗ್ಗಿಸಿದಳು. “ನಿಮ್ಮ ಕಡೇನ ಕಲಿತೆನ್ರಿ. ನೀವು ಯಾವತ್ತೂ ಯಾರನ್ನೂ ಏನೂ ಕೇಳಿದವರಲ್ಲ.”

ತಾಯಿಯ ಬೆರಳು ನಿಂತಿತು. ಬಹಳ ಹೊತ್ತು ಅವರು ಹೊಳೆಯ ಕಡೆ ನೋಡುತ್ತಾ ಕೂತರು. ಅಂಥ ಮೌನವನ್ನು ಬಸಲಿಂಗವ್ವ ಆ ಮೂರು ವರ್ಷಗಳಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಆಮೇಲೆ ಕೇಳಿದರು, “ಈ ಕೌದಿಗೆ ಎಷ್ಟು?”

“ಅಯ್ಯ, ಶಿವನ! ಇದು ಗುರುವಿಗೆ ಕಾಣಿಕಿ.”

“ಹೊಲಿದವರು ಯಾರು?”

“ನಾವು ನಾಕೂ ಮಂದಿ.”

“ಹುಲಿಗೆವ್ವ ಹೊಲಿದದ್ದು ಎಲ್ಲಿ ಐತಿ?”

ಬಸಲಿಂಗವ್ವ ನಡುವಿನ ಭಾಗವನ್ನು ತೋರಿಸಿದಳು. ಇರುವೆ ಸಾಲಿನಂಥ ಸಣ್ಣ ಹೊಲಿಗೆ. ಕೌದಿಯ ಅರ್ಧದಷ್ಟಿತ್ತು.

“ಕಾಣಿಕಿ ಕೊಡಾಕಿ ನೀನು. ಕಣ್ಣು ಕಳಕೊಂಡಾಕಿ ಅಕಿ. ಕೊಡೋ ಮೊದಲ ಅಕಿನ್ನ ಕೇಳಿದೇನು?”

ಬಸಲಿಂಗವ್ವ ಆ ಸಣ್ಣ ಹೊಲಿಗೆಯ ಮೇಲಿಂದ ಕೈ ತೆಗೆದಳು.

ತಾಯಿ ಎದ್ದು ಒಳಗೆ ಹೋದರು. ದೇವರ ಮುಂದಿದ್ದ ಎರಡು ಉತ್ತತ್ತಿ ತಂದು ಅವಳ ಕೈಗೆ ಹಾಕಿದರು.

“ನನಗ ತಿಳಿದಷ್ಟು ಕೊಟ್ಟೆ. ಸಾಕೇನು?”

“ಪ್ರಸಾದ ಅಲ್ಲೇನ್ರಿ ಇದು, ತಾಯಿ. ಭಾಳಾತು.” ಅವಳು ಕಣ್ಣಿಗೊತ್ತಿಕೊಂಡಳು.

“ಇವನ್ನ ಹುಲಿಗೆವ್ವಗ ಒಯ್ದು ಕೊಡು. ಕೌದಿ ಹೊಲಿದ ಕೂಲಿ ಇದು ಅಂತ ಹೇಳು.”

ಗುರುವಿನ ಮಾತು ಮೀರುವಂತಿರಲಿಲ್ಲ. ಬಸಲಿಂಗವ್ವ ಉತ್ತತ್ತಿಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹರಿಗೋಲು ಹತ್ತಿದಳು.

ಮೆಣಸಿನಕಾಯಿ ವಖಾರಿಯ ಅಂಗಳದಲ್ಲಿ ನೂರಾರು ಹೆಂಗಸರು ಕೂತಿದ್ದರು. ಮುಂದೆ ಕೆಂಪು ರಾಶಿಗಳು. ಹೊಕ್ಕ ಕೂಡಲೇ ಬಸಲಿಂಗವ್ವನಿಗೆ ಕೆಮ್ಮು ಹತ್ತಿತು.

ಹುಲಿಗೆವ್ವ ಮೂಗಿಗೆ ಸೆರಗು ಕಟ್ಟಿಕೊಂಡಿದ್ದಳು. ಎದ್ದು ಬಂದಳು. ಬೆರಳುಗಳು ಸುಟ್ಟಂತೆ ಕೆಂಪಾಗಿದ್ದವು.

“ಅಕ್ಕಾ, ಸಿಟ್ಟಾಗಬ್ಯಾಡ,” ಎಂದಳು.

“ಇಂಥಾ ಚಿನ್ನದಂಥಾ ಕೈ ತಂದು ಖಾರದಾಗ ಇಟ್ಟೆಲ್ಲ, ಹುಲಿಗೆವ್ವ?”

“ಏನು ಮಾಡಲಿ? ನೀ ಭಾಳ ಒಳ್ಳೇಕಿ. ಊರಾಗ ಎಲ್ಲಾರೂ ಹಂಗ ಅಂತಾರ. ಬಸಲಿಂಗವ್ವಗ ಆಸೆ ಅನ್ನೂದ ಇಲ್ಲ ಅಂತಾರ. ಕೇಳಿ ನನಗೂ ಹೆಮ್ಮಿ ಆಗತಿತ್ತು.” ಅವಳು ಕೈಯನ್ನು ಗಾಳಿಗೆ ಹಿಡಿದಳು. “ಆದರ ಆ ಹೆಸರು ನಿನ್ನ ಮನಿಗೆ ಬಂತು, ಅಕ್ಕಾ. ನನ್ನ ಮನಿ ಒಲಿಗೆ ಬರಲಿಲ್ಲ.”

ಬಸಲಿಂಗವ್ವನ ಕೈ ಸೆರಗಿನ ಗಂಟಿನ ಮೇಲೆ ಇತ್ತು. ಬಿಚ್ಚಲಾಗಲಿಲ್ಲ.

ಮರುದಿನ ಮತ್ತೆ ಹೊಳೆ ದಾಟಿದಳು. ತಾಯಿ ಬಾವಿಯ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು.

“ಕೊಟ್ಟೇನು?”

“ಇಲ್ರಿ.”

“ಯಾಕ?”

“ನಾಚಿಕಿ ಬಂತ್ರಿ.”

“ಒಳ್ಳೇದಾತು. ನಿನ್ನ ನಾಚಿಕಿ ಇಷ್ಟು ದಿನ ತಪ್ಪು ಜಾಗಾದಾಗ ಕೂತಿತ್ತು. ಈಗ ಎದ್ದು ಸರಿ ಜಾಗಾಕ್ಕ ಬಂತು.”

ಬಸಲಿಂಗವ್ವ ಮೊರದ ಮುಂದೆ ಕೂತಳು. ಅವಳೂ ಕಲ್ಲು ಆರಿಸತೊಡಗಿದಳು. ಹಳೆಯ ದಿನಗಳಂತೆ ನಾಲ್ಕು ಕೈ ಒಂದೇ ಮೊರದಲ್ಲಿ ಆಡಿದವು.

“ಕೇಳಬೇಕು ಅಂತ ತಿಳೀತ್ರಿ,” ಎಂದಳು ಕೊನೆಗೆ. “ಆದರ ನಾಲಿಗಿ ಏಳೂದಿಲ್ಲ.”

“ನಾ ಗಿರಾಕಿ. ಹೇಳು, ಈ ಕೌದಿಗೆ ಎಷ್ಟವ್ವ?”

“ನೂರಾ ಐವತ್ತು ಆಗತೈತ್ರಿ... ಭಾಳಾತು ಅನಿಸಿದರ ಕಡಿಮಿ ಮಾಡ್ತೀನ್ರಿ... ನಿಮಗೇನು ಹೆಚ್ಚು ಹೇಳೂದು...”

“ಇನ್ನೊಮ್ಮೆ.”

“ನೂರಾ ಐವತ್ತ್ರಿ. ದಾರದ ಬೆಲಿ ಭಾಳ ಏರೈತ್ರಿ, ಅದಕ್ಕ...”

“ಇನ್ನೊಮ್ಮೆ.”

“ನೂರಾ ಐವತ್ತ್ರಿ. ತಪ್ಪು ತಿಳ್ಕೋಬ್ಯಾಡ್ರಿ...”

ತಾಯಿ ನಕ್ಕರು. ಅವರ ನಗು ಅಪರೂಪ. ಮುಂದಿನ ಎರಡು ಹಲ್ಲು ಇರಲಿಲ್ಲ, ಹಾಗಾಗಿ ಸೆರಗು ಅಡ್ಡ ಹಿಡಿದು ನಗುತ್ತಿದ್ದರು.

“ಬೆಲಿ ಹೇಳಿದ ಮ್ಯಾಲ ಒಂದ ಕೆಲಸ ಇರ್ತೈತಿ, ಹುಚ್ಚಿ. ಅದನ್ನ ನೀ ಮಾಡವಲ್ಲಿ.”

“ಏನ್ರಿ ಅದು?”

“ಬಾಯಿ ಮುಚ್ಚಿಕೊಂಡು ಕೂಡೂದು.”

ಆ ದಿನ ಬಸಲಿಂಗವ್ವ ಅದನ್ನೇ ಕಲಿತಳು. ನೂರಾ ಐವತ್ತು ಎನ್ನುವುದು, ಸುಮ್ಮನಾಗುವುದು. ಇಳಿಹೊತ್ತಿನ ಹರಿಗೋಲಿನಲ್ಲಿ ನೀರಿಗೆ ಮುಖ ಮಾಡಿ ಮತ್ತೆ ಹೇಳಿಕೊಂಡಳು. ಅಂಬಿಗ ತಿರುಗಿ ನೋಡಿ, “ಯಾತರದು?” ಎಂದು ಕೇಳಿದ. ಅವಳು ಉತ್ತರ ಕೊಡಲಿಲ್ಲ. ಸುಮ್ಮನಿರುವುದನ್ನು ಕಲಿಯುತ್ತಿದ್ದಳಲ್ಲ.

ಮೂರು ದಿನ ಕಳೆದು ಕಟ್ಟೆಗೆ ಸುನಂದಾಬಾಯಿ ಬಂದರು. ಊರಿನ ದೊಡ್ಡ ಮನೆತನ. ಆಳಿನ ತಲೆಯ ಮೇಲೆ ಹಳೆಯ ಸೀರೆಗಳ ದೊಡ್ಡ ಗಂಟು. ಮಗಳ ಮದುವೆಗೆ ಆರು ಕೌದಿ ಬೇಕಿತ್ತು.

“ಒಂದಕ್ಕ ಎಷ್ಟು ಕೊಡೂದವ್ವ?” ಅಭ್ಯಾಸದಂತೆ ಕೇಳಿದರು.

“ನೂರಾ ಐವತ್ತ್ರಿ, ಬಾಯಾರ.”

“ಏನು?”

ಬಸಲಿಂಗವ್ವ ಸುಮ್ಮನಿದ್ದಳು.

“ಹೋದ ವರ್ಷ ಮೂವತ್ತು ಕೊಟ್ಟಿದ್ದೆ. ಸೀರಿ ನಮ್ಮವ. ನಿಮ್ಮದೇನು, ಬರೇ ಸೂಜಿ ಹಾಕಿ ತೆಗೆಯೂದು. ನಿನಗೂ ಪ್ಯಾಟಿ ಗಾಳಿ ಹತ್ತಿತೇನು?”

ಬಸಲಿಂಗವ್ವ ಸೂಜಿಗೆ ದಾರ ಪೋಣಿಸಿದಳು. ಸುಮ್ಮನಿದ್ದಳು.

ಸುನಂದಾಬಾಯಿ ಗಂಟನ್ನು ಹೊರಿಸಿಕೊಂಡು ಕಟ್ಟೆ ಇಳಿದರು.

ಕರೆಯಬೇಕೆಂದು ಬಸಲಿಂಗವ್ವ ಬಾಗಿಲ ತನಕ ಓಡಿದಳು. ಬಾಯಿಯನ್ನೂ ತೆರೆದಳು. ತಿರುಗಿ ಒಳಗೆ ನೋಡಿದಳು. ಫಾತಿಮಾ ತಲೆ ಎತ್ತಿರಲಿಲ್ಲ. ಆದರೆ ಅವಳ ಸೂಜಿ ನಿಂತಿತ್ತು. ಮುದುಕಿ ತಿಪ್ಪವ್ವನ ಸೂಜಿಯೂ ನಿಂತಿತ್ತು.

ಬಸಲಿಂಗವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

ಆಮೇಲೆ ಎಂಟು ದಿನ ಒಬ್ಬರೂ ಬರಲಿಲ್ಲ. ಪೇಟೆಯಲ್ಲಿ ಸುದ್ದಿ ಆಯಿತು, ಬಸಲಿಂಗವ್ವನಿಗೆ ಆಸೆ ಹತ್ತಿದೆ ಎಂದು. ನೆರೆಯ ಅಂಗಡಿಯವರು ಎದುರಿಗೇ ಅಂದರು.

ಒಂಬತ್ತನೆಯ ದಿನ ಅವಳು ಆಶ್ರಮಕ್ಕೆ ಬಂದಾಗ ಮುಖ ಬಾಡಿತ್ತು.

“ಗಿರಾಕಿ ಹೋದವ್ರಿ, ತಾಯಿ. ಹೆಸರೂ ಹೋತ್ರಿ.”

“ಉಂಡೇನು?”

“ಇಲ್ರಿ.”

ತಾಯಿ ರೊಟ್ಟಿ, ಪುಂಡಿಪಲ್ಲೆ, ಗಟ್ಟಿ ಮೊಸರು ಬಡಿಸಿದರು. ಉಂಡಾದ ಮೇಲೆ ಪಡಸಾಲೆಯಲ್ಲಿ ಕೌದಿ ಹಾಸಿದರು.

“ಮಲಗು.”

“ಹಗಲ ಹೊತ್ತು...”

“ಮಲಗು.”

ಬೇವಿನ ಗಾಳಿ ಬೀಸುತ್ತಿತ್ತು. ದೂರದಲ್ಲಿ ಯಾರೋ ಅರಿವೆ ಒಗೆಯುವ ಸಪ್ಪಳ. ಬಸಲಿಂಗವ್ವ ಆ ಸಂಜೆಯ ತನಕ ಮಲಗಿದಳು. ಎದ್ದಾಗ ಅವಳಿಗೇ ಅಚ್ಚರಿ. ಕೆಲಸವಿಲ್ಲ, ಕೈಯಲ್ಲಿ ಕಾಸಿಲ್ಲ. ಆದರೂ ಯಾರ ಮೇಲೂ ಸಿಟ್ಟಿರಲಿಲ್ಲ. ಆರು ವರ್ಷಗಳಲ್ಲಿ ಅಂಥ ನಿದ್ದೆ ಬಂದಿರಲಿಲ್ಲ.

ವಾರ ಕಳೆದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ಒಬ್ಬರು ಅಕ್ಕೋರು ಬಂದರು. ತೀರಿಹೋದ ತಮ್ಮ ಅವ್ವನ ಸೀರೆಗಳನ್ನು ತಂದಿದ್ದರು. ಬೆಲೆ ಕೇಳಿದರು. ಬಸಲಿಂಗವ್ವ ಹೇಳಿದಳು, ಸುಮ್ಮನಾದಳು. ಅಕ್ಕೋರು ಒಂದು ಗಳಿಗೆ ಲೆಕ್ಕ ಹಾಕಿದರು.

“ಅರ್ಧ ಈಗ ಕೊಡ್ತೀನಿ. ಅರ್ಧ ಪಗಾರ ಆದ ಮ್ಯಾಲ. ನಡೀತೈತೇನು?”

“ನಡೀತೈತ್ರಿ.”

ಕೊಟ್ಟು ಹೋಗುವಾಗ ಅವರೇ ಅಂದರು, “ಜ್ವಾಕಿಯಿಂದ ಹೊಲೀರಿ. ನಮ್ಮವ್ವನ ಸೀರಿ ಅವು.”

ಅಂದೇ ಬಸಲಿಂಗವ್ವ ವಖಾರಿಗೆ ಹೋದಳು. ಹುಲಿಗೆವ್ವನನ್ನು ಹೊರಗೆ ಕರೆದು, ದಿನದ ಕೂಲಿ ಇಷ್ಟು ಎಂದು ಹೇಳಿದಳು. ಗಿರಾಕಿ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ.

ಹುಲಿಗೆವ್ವ ಅವಳ ಮುಖವನ್ನೇ ನೋಡಿದಳು.

“ಆರು ವರ್ಷದಾಗ ಇದನ್ನ ಒಮ್ಮೆಯೂ ನೀ ಬಾಯಿಬಿಟ್ಟು ಹೇಳಿದ್ದಿಲ್ಲ ನೋಡಕ್ಕಾ.”

“ನನಗೂ ಯಾರೂ ಹೇಳಿದ್ದಿಲ್ಲವ್ವ.”

ಮನೆಗೆ ಕರೆತಂದು ಬಸಲಿಂಗವ್ವ ಅವಳ ಕೈಗಳನ್ನು ಮಜ್ಜಿಗೆಯಲ್ಲಿ ತೊಳೆದಳು. ಉರಿ ಆರಲು ಎರಡು ದಿನ ಬೇಕಾಯಿತು. ಮೂರನೆಯ ದಿನ ಹುಲಿಗೆವ್ವ ಸೂಜಿ ಹಿಡಿದಳು.

ಸುನಂದಾಬಾಯಿ ಮತ್ತೆ ಬರಲೇ ಇಲ್ಲ. ಬೇರೆಯವರು ಬಂದರು. ಕೆಲವರು ಬೆಲೆ ಕೇಳಿ ಹೊರಳಿ ಹೋದರು, ಕೆಲವರು ನಿಂತರು. ನಿಂತವರು ಸಾಕಷ್ಟಾದರು. ನಾಲ್ವರಿದ್ದ ಕಟ್ಟೆಯಲ್ಲಿ ಒಂಬತ್ತು ಮಂದಿಯಾದರು, ಆಮೇಲೆ ಹದಿನಾಲ್ಕು. ತಿಪ್ಪವ್ವ ತನ್ನ ಕೊನೆಗಾಲದಲ್ಲಿ ಸ್ವಂತ ದುಡಿಮೆಯಿಂದ ಕಣ್ಣಿನ ಪೊರೆ ತೆಗೆಸಿಕೊಂಡಳು, ಊರೆಲ್ಲ ತಿರುಗಿ ತೋರಿಸಿಕೊಂಡು ಬಂದಳು.

ವರ್ಷಗಳಾದವು. ಹೊಳೆಯಲ್ಲಿ ಸೇತುವೆಯ ಕಂಬ ಏಳತೊಡಗಿದ ಬೇಸಿಗೆ ಅದು. ತಾಯಿಗೆ ಎದ್ದು ಓಡಾಡಲು ಆಗುತ್ತಿರಲಿಲ್ಲ. ಬಸಲಿಂಗವ್ವ ವಾರಕ್ಕೊಮ್ಮೆ ಬಂದು ಅವರ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಸಣ್ಣ ತುರುಬು ಕಟ್ಟಿ ಹೋಗುತ್ತಿದ್ದಳು.

ಅಂದು ತಾಯಿಯ ಕೂದಲು ಬಿಡಿಸುತ್ತಾ ಕೂತಿದ್ದಾಗ, ಬಹಳ ದಿನಗಳಿಂದ ಒಳಗಿದ್ದ ಮಾತು ಹೊರಗೆ ಬಂತು.

“ತಾಯಿ, ಒಂದು ಕೇಳಲೇನ್ರಿ?”

“ಕೇಳು.”

“ನನಗ ಕೇಳೂದನ್ನ ಕಲಿಸಿದವರು ನೀವು. ನೀವು ಮಾತ್ರ ಜನ್ಮದಾಗ ಯಾರನ್ನೂ ಏನೂ ಕೇಳಲಿಲ್ಲ. ಆಸೆ ಅನ್ನೂದನ್ನ ಹೆಂಗ ಗೆದ್ದಿರಿ?”

ತಾಯಿ ಕಣ್ಣು ಮುಚ್ಚಿದ್ದರು. ನಿದ್ದೆ ಹತ್ತಿತೇನೋ ಎಂದು ಬಸಲಿಂಗವ್ವ ಬಾಚಣಿಕೆಯನ್ನು ಕೆಳಗಿಟ್ಟಳು.

ಆಗ ತಾಯಿ ಮೆಲ್ಲಗೆ ಅಂದರು:

“ನನಗೂ ಕೇಳಾಕ ಅಂಜಿಕಿನ ಇತ್ತು, ಮಗಳ. ಮಂದಿ ಅದಕ್ಕ ವೈರಾಗ್ಯ ಅಂತ ಹೆಸರಿಟ್ಟರು.”