ತಳ್ಳುಗಾಡಿಯ ಕಪ್ಪು ದಾರ

ಐದು ತಿಂಗಳ ಕೂಸನ್ನು ವಿಮಾನದ ಬಾಗಿಲವರೆಗೂ ಠೀವಿಯಿಂದ ಹೊತ್ತು ತಂದ ತಳ್ಳುಗಾಡಿಯನ್ನು ಅಲ್ಲೇ ಮಡಚಿ, ಚೀಟಿ ಅಂಟಿಸಿ, ವಿಮಾನದ ಹೊಟ್ಟೆಯೊಳಗೆ ಸಾಮಾನಿನ ನಡುವೆ ಎಸೆದರು. ಗಾಡಿಗೆ ಮೈಯೆಲ್ಲ ಉರಿಯಿತು.

"ಅತ್ತ ಸರಿ," ಎಂದಿತು ಪಕ್ಕದ ಹಳೇ ಸೂಟ್‌ಕೇಸಿಗೆ. "ನಾನು ನಿನ್ನಂಥ ಸಾಮಾನಲ್ಲ, ಮನೆಯ ಮಗಳು. ಹೊರಡುವಾಗ ವಿಶಾಲಜ್ಜಿ ಕೂಸಿನ ಕಾಲಿಗೆ ಕಟ್ಟಿದ ಹಾಗೆಯೇ ನನ್ನ ಹಿಡಿಗೂ ದೃಷ್ಟಿಯ ಕಪ್ಪು ದಾರ ಕಟ್ಟಿದ್ದಾರೆ, ನೋಡು."

"ನೋಡಿದೆ," ಎಂದಿತು ಸೂಟ್‌ಕೇಸು. "ಆ ದಾರ ಕಾಯುವುದು ನಿನ್ನನ್ನೋ, ಕೂಸನ್ನೋ? ಕೇಳಿದ್ದೀಯಾ?"

ಇಂಥವರ ಹೊಟ್ಟೆಕಿಚ್ಚಿಗೆಲ್ಲ ಉತ್ತರ ಕೊಡಬೇಕೇ? ಗಾಡಿ ಮುಖ ತಿರುಗಿಸಿತು.

ಊರು ತಲುಪಿ ಹೊರಗೆ ಬಂದಾಗ ಅದರ ಮುಂದಿನ ಚಕ್ರ ಮುರಿದು ನೇತಾಡುತ್ತಿತ್ತು. ಕೂಸಿನ ತಾಯಿ "ಅಯ್ಯೋ, ನನ್ನ ಗಾಡಿ!" ಎಂದು ಕಣ್ಣೀರು ಹಾಕಿದಳು. ಗಾಡಿಗೆ ನೋವಿನಲ್ಲೂ ಹೆಮ್ಮೆಯಾಯಿತು. ಅದು ಸೂಟ್‌ಕೇಸಿನತ್ತ ನೋಡಿತು.

ಜೊತೆಗೇ ಪ್ರಯಾಣಿಸಿದ್ದ ವಿಶಾಲಜ್ಜಿ ಮಾತ್ರ ಕೂಸಿನ ಕೆನ್ನೆ ಸವರಿ ನೆಟಿಕೆ ಮುರಿದರು.

"ಅಳಬೇಡ ಕಣೇ. ಕೂಸಿಗೆ ತಾಗಬೇಕಾಗಿದ್ದ ಕಣ್ಣು ಗಾಡಿಗೆ ತಾಗಿ ಹೋಯ್ತು, ಒಳ್ಳೇದೇ ಆಯ್ತು. ಅದನ್ನ ಇಲ್ಲೇ ಬಿಟ್ಟು ಬಾ, ಹೊಸದು ತಗೊಂಡರಾಯ್ತು. ಕಟ್ಟೋಕೆ ದಾರ ನನ್ನ ಹತ್ತಿರ ಬೇಕಾದಷ್ಟಿದೆ."