ಕೊಳವೆಗಾಗಿ ಬಂದ ಸೇತುವೆ

"ಗುರುಗಳೆ, ತನ್ನ ಗರಜಿಗಾಗಿ ಕರೆದವನ ಮನೆಗೆ ಹೋಗಬೇಕೆ?" ಎಂದು ಶಿಷ್ಯ ಚನ್ನಮಲ್ಲ ಕೇಳಿದ.

ಕರೆದವರು ಯಾರು ಎಂದು ಗುರುಗಳು ವಿಚಾರಿಸಿದರು.

"ನಮ್ಮಣ್ಣ. ಹನ್ನೆರಡು ವರ್ಷದ ಹಿಂದೆ ಜಗಳವಾಡಿ ನನ್ನನ್ನು ಮನೆಯಿಂದ ಹೊರಗೆ ಹಾಕಿದ. ಅಂದಿನಿಂದ ಇದ್ದಾನೋ ಸತ್ತನೋ ಎಂದು ಒಂದು ದಿನವೂ ಕೇಳಲಿಲ್ಲ. ಈಗ ಅವನ ಕಣ್ಣು ಮಂಜಾಗಿದೆ. ಕೈಹಿಡಿದು ನಡೆಸಲು ಒಬ್ಬರು ಬೇಕು. ಅದಕ್ಕೇ ನಾಲ್ಕು ದಿನದ ಹಿಂದೆ ಹೇಳಿಕಳಿಸಿದ್ದಾನೆ. ಅವನಿಗೆ ಆದದ್ದು ತಮ್ಮನ ನೆನಪಲ್ಲ, ತನ್ನ ಗರಜು."

"ಓಹೋ, ನಾಲ್ಕು ದಿನದಿಂದ ನೀನು ಮಾಡುವ ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿರುವುದು ಇದಕ್ಕೇನು!" ಎಂದು ಗುರುಗಳು ನಕ್ಕರು. "ಕೂತುಕೋ. ಒಬ್ಬ ಮೇಸ್ತ್ರಿಯ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಂದು ಹಳ್ಳ. ಅದಕ್ಕೊಂದು ಹಳೆಯ ಕಲ್ಲಿನ ಸೇತುವೆ. ಹಳ್ಳದ ಈಚೆ ಒಬ್ಬ ಮೇಸ್ತ್ರಿ ಇದ್ದ. ರಸ್ತೆಯ ಗುಂಡಿ ಮುಚ್ಚುವುದು, ಸೇತುವೆಯ ಬಿರುಕಿಗೆ ಗಾರೆ ಮೆತ್ತುವುದು ಅವನ ಕೆಲಸ. ಒಬ್ಬಳೇ ಮಗಳು, ನೀಲವ್ವ. ಅವಳನ್ನು ಹಳ್ಳದಾಚೆಯ ಊರಿಗೆ ಕೊಟ್ಟಿದ್ದ. ಸೇತುವೆಗೆ ವಯಸ್ಸಾಗಿತ್ತು. ಭಾರದ ಗಾಡಿಗಳು ಹೋಗಬಾರದೆಂದು ಎರಡೂ ಕಡೆ ಬೋರ್ಡು ನಿಲ್ಲಿಸಿದ್ದರು. ಗಟ್ಟಿ ಮಾಡಿಸಿಕೊಡಿ ಎಂದು ಎರಡೂ ಊರಿನವರು ಅರ್ಜಿ ಕೊಟ್ಟರು, ಕೊಡುತ್ತಲೇ ಇದ್ದರು. ಯಾರೂ ಇತ್ತ ತಲೆ ಹಾಕಲಿಲ್ಲ.

ನೀಲವ್ವನಿಗೆ ಮೊದಲ ಬಸುರಿನಲ್ಲಿ ದಿನ ತುಂಬುವ ಮೊದಲೇ ನೋವು ಬಂತು. ಆಸ್ಪತ್ರೆಯ ಗಾಡಿ ಈಚೆ ದಂಡೆಗೆ ಬಂದು ಬೋರ್ಡಿನ ಮುಂದೆ ನಿಂತಿತು. ಡ್ರೈವರು ಸೇತುವೆ ಹತ್ತಿಸಲು ಹೆದರಿದ. ಆಚೆಯಿಂದ ಅವಳನ್ನು ಎತ್ತಿನ ಗಾಡಿಯಲ್ಲಿ ತರುವಷ್ಟರಲ್ಲಿ ಹೊತ್ತು ಮೀರಿತ್ತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಅದನ್ನು ಮೇಸ್ತ್ರಿಯೇ ಕೈಯಾರೆ ಮಣ್ಣು ಮಾಡಿದ.

ಎರಡು ವರ್ಷ ಕಳೆಯಿತು. ದೂರದ ಪಟ್ಟಣಕ್ಕೆ ಕುಡಿಯುವ ನೀರು ಒಯ್ಯಲು ದೊಡ್ಡ ಕೊಳವೆ ಹಾಕುವುದೆಂದು ತೀರ್ಮಾನವಾಯಿತು. ಕೊಳವೆ ಎಂದರೆ ಒಳಗೆ ಒಂದು ಆಕಳು ನಿಲ್ಲುವಷ್ಟು ಅಗಲ. ಅದನ್ನು ಹೊತ್ತ ಲಾರಿಗಳು ಈ ದಾರಿಯಲ್ಲೇ ಬರಬೇಕು. ಹಾಗಾಗಿ ಕೊಳವೆಗಿಂತ ಮೊದಲು ರಸ್ತೆ ಅಗಲವಾಗಬೇಕು, ಸೇತುವೆ ಗಟ್ಟಿಯಾಗಬೇಕು. ನೋಡು ಮತ್ತೆ, ಅಷ್ಟು ವರ್ಷ ಅಲ್ಲಾಡದ ಕಾಗದ ಹದಿನೈದು ದಿನದಲ್ಲಿ ಎಲ್ಲ ಕಚೇರಿ ಸುತ್ತಿ ಬಂತು! ಶಿವರಾತ್ರಿಯ ಹೊತ್ತಿಗೆ ಜಲ್ಲಿ, ಸಿಮೆಂಟು, ಯಂತ್ರ ಎಲ್ಲವೂ ಹಳ್ಳದ ದಂಡೆಗೆ ಬಂದಿಳಿದವು.

ಎಂಜಿನಿಯರು ಒಳ್ಳೆಯ ಮನುಷ್ಯ. ಸೇತುವೆಯ ಕಂಬಗಳನ್ನು ಪರೀಕ್ಷೆ ಮಾಡಿದ, ಗಟ್ಟಿಯಾಗಿಯೇ ಕಂಡವು. ಆದರೂ ಮೇಸ್ತ್ರಿಯ ಮನೆಗೆ ಬಂದ. "ಈ ಹಳ್ಳ ನಿಮಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಒಮ್ಮೆ ಬಂದು ನೋಡಿ ಹೇಳ್ರಿ" ಎಂದು ಕೇಳಿಕೊಂಡ.

ಮೇಸ್ತ್ರಿಗೆ ಗೊತ್ತಿತ್ತು. ಪ್ರತಿ ಮಳೆಗಾಲದಲ್ಲೂ ಹಳ್ಳದ ಸೆಳವು ಎರಡನೆಯ ಕಂಬದ ಬುಡವನ್ನು ಕೊರೆಯುತ್ತಿತ್ತು. ನೀರಿಳಿದ ಮೇಲೆ ಮರಳು ಬಂದು ಕೂತು ಆ ಪೊಳ್ಳನ್ನು ಮುಚ್ಚಿಬಿಡುತ್ತಿತ್ತು. ಬೇಸಿಗೆಯಲ್ಲಿ ನೋಡಿದವರಿಗೆ ಅದು ಗಟ್ಟಿ ನೆಲ. ವರ್ಷವರ್ಷ ಮರಳು ಬಗೆದು ಅಲ್ಲಿಗೆ ಗುಂಡುಕಲ್ಲು ತುಂಬುತ್ತಿದ್ದವನು ಇವನೊಬ್ಬನೇ. ಕೂಸು ಹೋದ ಮೇಲೆ ಅದನ್ನೂ ಬಿಟ್ಟಿದ್ದ. ಈಗ ಹೇಳದಿದ್ದರೆ ಸೇತುವೆ ಮೇಲುಗಡೆ ಮಾತ್ರ ಗಟ್ಟಿಯಾಗುತ್ತದೆ, ಒಂದಲ್ಲ ಒಂದು ದಿನ ಯಾರನ್ನೋ ಹೊತ್ತುಕೊಂಡು ಬೀಳುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು.

ಬಾಯಿಂದ ಬಂದ ಮಾತು ಬೇರೆ. "ನನ್ನ ಮಗಳು ಆಚೆ ದಂಡೆಯಲ್ಲಿ ಒದ್ದಾಡುವಾಗ ನಿಮ್ಮಲ್ಲಿ ಒಬ್ಬರೂ ಬರಲಿಲ್ಲ. ಕಬ್ಬಿಣದ ಕೊಳವೆ ಬರ್ತದ ಅಂದಕೂಡಲೇ ಓಡಿ ಬಂದ್ರಿ. ಹೋಗ್ರಿ, ಆ ಕೊಳವೆಯನ್ನೇ ಕೇಳ್ರಿ!" ಎಂದು ಬಾಗಿಲು ಹಾಕಿಕೊಂಡ.

ಅವನ ಸಿಟ್ಟಿನಲ್ಲಿ ತಪ್ಪೇನಿತ್ತು, ಹೇಳು? ನಾನಾಗಿದ್ದರೂ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಸುದ್ದಿ ಹಳ್ಳ ದಾಟಿ ನೀಲವ್ವನ ಕಿವಿಗೆ ಬಿತ್ತು. ಅವಳು ಆಗ ಮತ್ತೆ ನಾಲ್ಕು ತಿಂಗಳ ಬಸುರಿ. ಒಣಗಿದ ಹಳ್ಳಕ್ಕಿಳಿದು, ನಡೆದುಕೊಂಡೇ ತವರಿಗೆ ಬಂದಳು. ಒಂದು ಚೊಂಬು ನೀರು ಕುಡಿದು ಅಪ್ಪನ ಎದುರು ಕೂತಳು.

"ಅಪ್ಪಾ, ಅವರು ಕಟ್ಟೋದು ಕೊಳವೆಗೇ. ನನಗದು ತಿಳಿಯೋದಿಲ್ಲ ಅಂದುಕೊಂಡಿ ಏನು? ನನಗೂ ಹೊಟ್ಟೆ ಉರೀತದ. ಆದರ ಈ ಸಲ ನೋವು ಬಂದಾಗ ಆ ಡ್ರೈವರು, ಸೇತುವೆ ಯಾರಿಗಾಗಿ ಕಟ್ಟಿದ್ದು ಅಂತ ಕೇಳೋದಿಲ್ಲಪ್ಪಾ. ಭಾರ ತಡೀತದೋ ಇಲ್ಲೋ ಅಂತ ಕೇಳ್ತಾನ."

ಕೂಸನ್ನು ಮಣ್ಣು ಮಾಡಿದ ದಿನವೂ ಅಳದ ಮೇಸ್ತ್ರಿ ಅಂದು ಮಗಳ ಮುಂದೆ ಅತ್ತುಬಿಟ್ಟ. ಆಮೇಲೆ ಮುಖ ತೊಳೆದು, ಹಾರೆ ತೆಗೆದುಕೊಂಡು ಹಳ್ಳಕ್ಕೆ ನಡೆದ. ಎರಡನೆಯ ಕಂಬದ ಹತ್ತಿರ ನಿಂತು, "ಇಲ್ಲಿ ಅಗೀರಿ" ಎಂದ. ಆಳುದ್ದ ಮರಳು ತೆಗೆದರು. ಕಂಬದ ಬುಡದಲ್ಲಿ ಅರ್ಧಕ್ಕೆ ಆಸರೆಯೇ ಇರಲಿಲ್ಲ. ಎಂಜಿನಿಯರು ಮೇಸ್ತ್ರಿಯ ಎರಡೂ ಕೈ ಹಿಡಿದುಕೊಂಡ. ಬಂಡೆ ಸಿಗುವ ತನಕ ಅಗೆದು ಕಾಂಕ್ರೀಟು ತುಂಬಿಸಿದರು. ಮೇಸ್ತ್ರಿ ದಿನವೂ ಬಂದು, ಎದುರು ನಿಂತು ಮಾಡಿಸಿದ.

ಮಳೆ ಹಿಡಿಯುವ ಮೊದಲೇ ಕೊಳವೆಯ ಲಾರಿಗಳು ಒಂದೊಂದಾಗಿ ದಾಟಿದವು. ಇಪ್ಪತ್ತು ದಿನದಲ್ಲಿ ಅವುಗಳ ಕೆಲಸ ಮುಗಿಯಿತು. ಬೋರ್ಡು ಕಿತ್ತುಹಾಕಿದರು. ಶ್ರಾವಣದಲ್ಲಿ ಹಳ್ಳ ತುಂಬಿ ಹರಿಯುತ್ತಿದ್ದಾಗ ನೀಲವ್ವನಿಗೆ ನೋವು ಬಂತು. ಆಸ್ಪತ್ರೆಯ ಗಾಡಿ ನಿಲ್ಲದೆ ಆಚೆಗೆ ಹೋಯಿತು, ಅವಳನ್ನು ಕರೆದುಕೊಂಡು ನಿಲ್ಲದೆ ಈಚೆಗೆ ಬಂತು. ಹೆಣ್ಣು ಕೂಸು. ಅದರ ಅಳು ಬೀದಿಯ ತನಕ ಕೇಳುತ್ತಿತ್ತಂತೆ. ಸುಮ್ಮನಾಗಿಸಲು ಹೋದವರಿಗೆಲ್ಲ ಮೇಸ್ತ್ರಿ, "ಅಳಲಿ ಬಿಡ್ರಿ, ಅಳಲಿ" ಎನ್ನುತ್ತಿದ್ದನಂತೆ.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲನ ಹಟ ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಅದೆಲ್ಲ ಸರಿ ಗುರುಗಳೆ. ಆದರೆ ಅಣ್ಣನಿಗೆ ಬೇಕಾಗಿರುವುದು ನಾನಲ್ಲ. ಹಿಡಿದುಕೊಳ್ಳಲು ನನ್ನ ಕೈ, ಅಷ್ಟೇ."

ಗುರುಗಳು ಮೆಲ್ಲಗೆ ಕೇಳಿದರು: "ಇಷ್ಟು ವರ್ಷ ನಿನ್ನ ಆ ಕೈಯನ್ನು ಹಿಡಿದವರಾದರೂ ಯಾರಿದ್ದರು, ಮಗಾ?"